ಬಜಪೆಯಲ್ಲಿ ಇಳಿದು ಉಡುಪಿ, ಮಲ್ಪೆ, ಸೇಂಟ್ ಮೇರೀಸ್: ದ್ವೀಪವನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ

ನಿಮ್ಮ ಪ್ರಶ್ನೆ ಓದುತ್ತಾ ಹೋದಂತೆ ಎದೆ ಧಸಕ್ಕೆಂದಿತು. ಮುಂಬೈಯಿಂದ ಬುಧವಾರ ಬೆಳಿಗ್ಗೆ ಮಂಗಳೂರು ವಿಮಾನ ನಿಲ್ದಾಣವಿರುವ ಬಜಪೆಗೆ ಬಂದು ಇಳಿಯುವುದು, ಆ ರಾತ್ರಿ ಮಂಗಳೂರಿನಲ್ಲಿ ಉಳಿಯುವುದು, ಗುರುವಾರ ಉಡುಪಿ ಮುಗಿಸಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿಬಂದು ಸಂಜೆ 6ರ ವಿಮಾನ ಹಿಡಿಯುವುದು, ಜೊತೆಗೆ ಮಗು, ಮೊಣಕಾಲು ನೋವಿರುವ ಅತ್ತೆ. ಇಷ್ಟೆಲ್ಲ ಬರೆದು ನೀವು ಕೇಳಿರುವುದು ಟ್ಯಾಕ್ಸಿ ವಾಸಿಯೋ ಬಸ್ಸು ವಾಸಿಯೋ ಎಂದು. 2022ರ ನವೆಂಬರ್‌ನಲ್ಲಿ ನಾನೂ ಅದನ್ನೇ ಕೇಳಿದ್ದೆ. ಅತ್ತೆಯ ಜಾಗದಲ್ಲಿ ನನ್ನ ಅವ್ವ ಇದ್ದಳು, ಅಷ್ಟೇ ವ್ಯತ್ಯಾಸ.

ನಮ್ಮದು ಧಾರವಾಡದ ಕಡೆಯ ಹಳ್ಳಿ. ಅವ್ವ ಮುಂಬೈಗೆ ಬಂದು ನನ್ನ ಜೊತೆ ಇದ್ದದ್ದು ಅಪ್ಪ ಹೋದ ಮೇಲೆ. ಉಡುಪಿ ಕೃಷ್ಣನನ್ನು ನೋಡಬೇಕು ಎನ್ನುವುದು ಅವಳ ಬಹಳ ದಿನದ ಆಸೆ. ದ್ವೀಪದ ಆಸೆ ಹುಟ್ಟಿಸಿದವನು ನಾನು. ಕಂಬಕಂಬವಾಗಿ ನಿಂತ ಕಲ್ಲುಗಳ ಫೋಟೊ ತೋರಿಸಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿದ್ದು ಬೇರೆಯಾಗುವ ಹೊತ್ತಿಗೆ ಉಕ್ಕಿದ ಲಾವಾ ಆರಿ ಹೀಗಾಗಿದೆ ಎಂದಿದ್ದೆ. ಅವಳಿಗೆ ಮಡಗಾಸ್ಕರ್ ಗೊತ್ತಿಲ್ಲ. ಆದರೆ ಕಲ್ಲಿನ ಆರು ಮೂಲೆ ನೋಡಿ "ಇದನ್ನ ಯಾರೂ ಕಡದಿಲ್ಲೇನು?" ಎಂದು ಎರಡೆರಡು ಸಲ ಕೇಳಿದಳು.

ನಾನು ಕೋಣೆ ಬುಕ್ ಮಾಡಿದ್ದು ಮಂಗಳೂರಿನಲ್ಲಿ. ಕಾರಣ ಒಂದೇ, ವಿಮಾನ ನಿಲ್ದಾಣದ ಹೆಸರಿನಲ್ಲಿ ಮಂಗಳೂರು ಇದೆ. ಇಳಿದವರು ಮೊದಲು ಮಂಗಳೂರಿಗೇ ಹೋಗಬೇಕು ಎಂದು ಯಾರೂ ಹೇಳಿರಲಿಲ್ಲ, ನಾನೇ ಹಾಗೆಂದುಕೊಂಡೆ. ನಿಲ್ದಾಣ ಇರುವುದು ಊರಿನಿಂದ ಹದಿಮೂರು ಕಿಲೋಮೀಟರಿನಷ್ಟು ದೂರ, ಗುಡ್ಡದ ನೆತ್ತಿಯ ಮೇಲೆ. ಅಲ್ಲಿಂದ ತಿರುವುಗಳಲ್ಲಿ ಇಳಿದು, ಮರವೂರು ಸೇತುವೆ ದಾಟಿ ಕಾವೂರಿಗೆ ಬಂದರೆ ದಾರಿ ಕವಲಾಗುತ್ತದೆ. ಒಂದು ಬೊಂದೇಲ್ ಮೇಲೆ ಊರೊಳಗೆ ಹೋಗುತ್ತದೆ. ಇನ್ನೊಂದು ಕೂಳೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಸೇರಿ ಉತ್ತರಕ್ಕೆ, ಉಡುಪಿ ಕಡೆಗೆ ಹೋಗುತ್ತದೆ. ನಾವು ಊರೊಳಗೆ ಹೋದೆವು. ಕದ್ರಿ ದೇವಸ್ಥಾನ ನೋಡಿದೆವು, ಸಂಜೆ ಪಣಂಬೂರು ಬೀಚಿಗೆ ಹೋದೆವು. ಪಣಂಬೂರು ಇರುವುದು ಉಡುಪಿಗೆ ಹೋಗುವ ದಾರಿಯಲ್ಲೇ! ಅಂದರೆ ಒಂದೇ ದಿನದಲ್ಲಿ ದಕ್ಷಿಣಕ್ಕೆ ಹೋಗಿ, ಮತ್ತೆ ಉತ್ತರಕ್ಕೆ ಬಂದು, ಮತ್ತೆ ದಕ್ಷಿಣಕ್ಕೆ ಮಲಗಲು ಹೋಗಿದ್ದೆವು.

ಮರುದಿನ ಮಂಗಳವಾರ. ಬೆಳಿಗ್ಗೆ ಏಳಕ್ಕೆ ಎಕ್ಸ್‌ಪ್ರೆಸ್ ಬಸ್ ಹಿಡಿದು ಉಡುಪಿಗೆ ಬಂದೆವು. ಮಠದ ಹತ್ತಿರ ಸ್ನಾನಕ್ಕೆಂದು ಒಂದು ಕೋಣೆ ಹಿಡಿದು ಬ್ಯಾಗುಗಳನ್ನು ಅಲ್ಲೇ ಇಟ್ಟೆವು. ದರ್ಶನ ಚೆನ್ನಾಗಿ ಆಯಿತು. ಕನಕನ ಕಿಂಡಿಯ ಮುಂದೆ ಅವ್ವ ಕೈಮುಗಿದು ನಿಂತದ್ದನ್ನು ನೆನೆದರೆ ಆ ಪ್ರವಾಸದಲ್ಲಿ ಸರಿಯಾಗಿ ನಡೆದದ್ದು ಅದೊಂದೇ ಅನಿಸುತ್ತದೆ. ಆಟೊ ಹಿಡಿದು ಮಲ್ಪೆ ಮುಟ್ಟಿದಾಗ ಹತ್ತು ಗಂಟೆ. ವಿಮಾನ ಸಂಜೆ 5.40ಕ್ಕೆ. ಏಳೂವರೆ ಗಂಟೆ ಕೈಯಲ್ಲಿದೆ, ಯಾರಾದರೂ ಧೈರ್ಯವಾಗಿಯೇ ಇರುತ್ತಾರೆ.

ನನ್ನ ತಪ್ಪನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಲೆಕ್ಕದಲ್ಲೂ ಅದೇ ತಪ್ಪು ಕೂತಿದೆ. ನೀವು ಬರೆದಿದ್ದೀರಿ: "ದೋಣಿ 20 ನಿಮಿಷ, ದ್ವೀಪ ಒಂದು ಗಂಟೆ, ವಾಪಸ್ 20 ನಿಮಿಷ." ನಾನೂ ಹಾಗೇ ಬರೆದುಕೊಂಡಿದ್ದೆ. ಅದು ದೋಣಿ ಓಡುವ ಹೊತ್ತಿನ ಲೆಕ್ಕ, ದೋಣಿ ನಿಂತಿರುವ ಹೊತ್ತಿನ ಲೆಕ್ಕ ಅದರಲ್ಲಿಲ್ಲ. ಮಲ್ಪೆಯ ದೋಣಿಗೆ ಬಸ್ಸಿನ ಹಾಗೆ ವೇಳಾಪಟ್ಟಿ ಇಲ್ಲ, ಜನ ತುಂಬಿದರೆ ಹೊರಡುತ್ತದೆ. ನಾವು ಹೋದ ದಿನ ಮೂವತ್ತು ಜನ ಆಗಬೇಕು ಎಂದರು. ವಾರದ ನಡುವಿನ ದಿನ, ನಾವು ಟಿಕೆಟ್ ತೆಗೆದಾಗ ಹನ್ನೊಂದು ಜನ ಇದ್ದೆವು. ಆಮೇಲೆ ಒಂದು ಕುಟುಂಬ, ಆಮೇಲೆ ಕಾಲೇಜಿನ ಹುಡುಗರ ಗುಂಪು. ದೋಣಿ ಹೊರಟಾಗ 11.20. ರಜೆ ಇರುವವರು ಜನಸಂದಣಿ ಬೇಡವೆಂದು ವಾರದ ದಿನ ಆರಿಸಿಕೊಳ್ಳುತ್ತಾರಲ್ಲ, ದೋಣಿಯ ಮಟ್ಟಿಗೆ ಅದು ತಿರುಗುಬಾಣ. ನೀವೂ ಬುಧವಾರ, ಗುರುವಾರ ಎಂದಿದ್ದೀರಿ.

ಇನ್ನೊಂದು. ದೊಡ್ಡ ದೋಣಿ ದ್ವೀಪದ ದಂಡೆಯವರೆಗೆ ಹೋಗುವುದಿಲ್ಲ, ಅಲ್ಲಿ ನೀರು ಕಡಿಮೆ, ಕೆಳಗೆ ಬಂಡೆ. ಸ್ವಲ್ಪ ದೂರದಲ್ಲಿ ನಿಲ್ಲಿಸಿ ಸಣ್ಣ ದೋಣಿಗೆ ಇಳಿಸುತ್ತಾರೆ. ಎರಡೂ ಅಲೆಗೆ ಏರಿಳಿಯುತ್ತಿರುವಾಗ ಒಂದರಿಂದ ಇನ್ನೊಂದಕ್ಕೆ ಕಾಲಿಡಬೇಕು. ದೋಣಿಯ ಹುಡುಗರು ಕೈಹಿಡಿದು ಬಹಳ ಜೋಪಾನವಾಗಿ ಇಳಿಸಿದರು, ಆದರೂ ವಯಸ್ಸಾದವರಿಗೆ ಹೊತ್ತು ಹಿಡಿಯುತ್ತದೆ. ಅವ್ವ ದ್ವೀಪದ ಮರಳಿನ ಮೇಲೆ ಕಾಲಿಟ್ಟಾಗ ಹನ್ನೆರಡಕ್ಕೆ ಐದು ನಿಮಿಷ.

ಮತ್ತೆ ವಾಪಸ್ ಬರುವುದು. ನಾವು ಹೋದ ದೋಣಿ ನಮಗಾಗಿ ಕಾದಿರುತ್ತದೆ ಎಂದುಕೊಂಡಿದ್ದೆ. ಅದು ಜನರನ್ನು ಹತ್ತಿಸಿಕೊಂಡು ಆಗಲೇ ಹೊರಟುಹೋಗಿತ್ತು. ವಾಪಸ್ ದೋಣಿಯೂ ಅಷ್ಟೇ, ಜನ ಕೂಡಬೇಕು, ಮಲ್ಪೆಯಿಂದ ಇನ್ನೊಂದು ತುಂಬಿ ಬರಬೇಕು. ಇದು ಹೊಳೆದದ್ದು ಹನ್ನೆರಡೂವರೆಗೆ. ಅಷ್ಟು ಹೊತ್ತಿಗೆ ಅವ್ವ ಒಂದು ಅಗಲ ಕಲ್ಲಿನ ಮೇಲೆ ಕೂತು ಸೆರಗು ತಲೆಗೆ ಹೊದ್ದುಕೊಂಡಿದ್ದಳು. "ನಾ ಇಲ್ಲೇ ಕುಂದರ್ತೀನಿ ತಮ್ಮಾ, ನೀರು ನೋಡ್ಕೋತ" ಎಂದಳು. ನಾನು "ಏಳವ್ವ, ದೋಣಿ ತಪ್ಪುತ್ತೆ" ಎಂದು ಎಬ್ಬಿಸಿದೆ. "ಇಷ್ಟ ದೂರ ಬಂದು ಹಂಗ ಹೋಗೂದೇನು?" ಎಂದು ಕೇಳಿದಳೇ ಹೊರತು ಹಟ ಮಾಡಲಿಲ್ಲ. ಎಬ್ಬಿಸಿಕೊಂಡು ಬಂದು ದಂಡೆಯ ಬಿಸಿಲಲ್ಲಿ ಇನ್ನೂ ಒಂದೂವರೆ ಗಂಟೆಗೂ ಹೆಚ್ಚು ನಿಲ್ಲಿಸಿದೆ. ಕಲ್ಲಿನ ಮೇಲೆ ಕೂರಬೇಕಾದ ಹೊತ್ತನ್ನು ಸಾಲಿನಲ್ಲಿ ಕಳೆಸಿದೆ. ವಿಮಾನ ತಪ್ಪಿದ್ದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಇದು.

ಮಲ್ಪೆ ದಂಡೆಗೆ ಬಂದಾಗ 2.50. ಬ್ಯಾಗುಗಳು ಇದ್ದದ್ದು ಮಠದ ಹತ್ತಿರದ ಕೋಣೆಯಲ್ಲಿ. ಮಲ್ಪೆಯಿಂದ ನೇರವಾಗಿ ಹೆದ್ದಾರಿಗೆ ಬೀಳಬಹುದಾಗಿದ್ದವರು ಊರೊಳಗೆ ಹೋಗಿ ಸಾಮಾನು ತೆಗೆದುಕೊಂಡು ಟ್ಯಾಕ್ಸಿ ಹತ್ತಿದಾಗ ಮೂರೂವರೆ ದಾಟಿತ್ತು. ಕಟಪಾಡಿ, ಕಾಪು, ಪಡುಬಿದ್ರಿ, ಮೂಲ್ಕಿ ಸಲೀಸಾಗಿ ಕಳೆದವು. ಸುರತ್ಕಲ್ ಆದ ಮೇಲೆ ಲಾರಿ, ಟ್ಯಾಂಕರ್ ಸಾಲು, ಕೂಳೂರು ಸೇತುವೆಯ ಬುಡದಲ್ಲಿ ಗಾಡಿ ಅಲುಗಾಡಲಿಲ್ಲ. ನಿಲ್ದಾಣದ ಬಾಗಿಲಲ್ಲಿ ಇಳಿದಾಗ 5.15. ವಿಮಾನ ಅಲ್ಲೇ ನಿಂತಿತ್ತು, ಕೌಂಟರ್ ಮುಚ್ಚಿತ್ತು. ದೇಶದೊಳಗಿನ ವಿಮಾನಗಳಿಗೆ ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುತ್ತದೆ. 5.40ರ ವಿಮಾನ ಎಂದರೆ ನಿಮ್ಮ ಪಾಲಿಗೆ ಅದು 4.40ರ ವಿಮಾನ. ನಿಮ್ಮ 6 ಗಂಟೆಯನ್ನೂ 5 ಎಂದು ಓದಿಕೊಳ್ಳಿ, ಆಮೇಲೆ ಹಿಂದಕ್ಕೆ ಎಣಿಸಿ. ಮರುದಿನದ ಎರಡು ಟಿಕೆಟ್ಟಿಗೆ ಹದಿನೆಂಟು ಸಾವಿರ ಚಿಲ್ಲರೆ ಕೊಟ್ಟೆ. ಅವ್ವ ನಿಲ್ದಾಣದ ಕುರ್ಚಿಯಲ್ಲಿ ಕೂತು, ಒಂದು ಮಾತೂ ಆಡದೆ, ಸೀರೆಯ ಅಂಚಿಗೆ ಹತ್ತಿದ ಮರಳನ್ನು ಕೊಡವುತ್ತಿದ್ದಳು.

ಹಾಗಾಗಿ ಟ್ಯಾಕ್ಸಿಯೋ ಬಸ್ಸೋ ಎನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವುದರಲ್ಲಿ ಹೋದರೂ ಉಡುಪಿ ಮುಟ್ಟುತ್ತೀರಿ. ಕೆಟ್ಟಿರುವುದು ದಿನಗಳ ಕ್ರಮ. ಮಂಗಳೂರಿನ ಕೋಣೆ ಬೇಡ. ಇಳಿದವರೇ ನೇರ ಉಡುಪಿಗೆ ಹೋಗಿ, ಅಲ್ಲೇ ಅಥವಾ ಮಲ್ಪೆಯಲ್ಲೇ ಉಳಿಯಿರಿ, ಮೊದಲ ದಿನವೇ ದ್ವೀಪ ಮುಗಿಸಿ. ಕೃಷ್ಣ ದರ್ಶನ ಎರಡನೆಯ ದಿನ ಬೆಳಿಗ್ಗೆ ಆಗಲಿ. ಮಠದಲ್ಲಿ ಒಂದು ಗಂಟೆ ಹೆಚ್ಚುಕಡಿಮೆಯಾದರೆ ತುಂಬಿಕೊಳ್ಳಬಹುದು, ಸಮುದ್ರದಲ್ಲಿ ಆಗುವುದಿಲ್ಲ. ಗಾಳಿ ಜೋರಾದರೆ ದೋಣಿಯನ್ನೇ ಬಿಡುವುದಿಲ್ಲ. ಮೊದಲ ದಿನ ಹಾಗಾದರೆ ಮರುದಿನ ಬೆಳಿಗ್ಗೆ ಗಾಳಿ ನೋಡಿಕೊಂಡು ಯೋಚಿಸಲು ಎಡೆಯಾದರೂ ಇರುತ್ತದೆ. ಮಳೆಗಾಲದಲ್ಲಂತೂ ದ್ವೀಪದ ದೋಣಿ ಪೂರ್ತಿ ಬಂದ್. ನಿಮ್ಮದು ಜನವರಿ, ಆ ಚಿಂತೆ ಇಲ್ಲ.

ಬೆಳಿಗ್ಗೆ ಹತ್ತೂವರೆಗೆ ಇಳಿದರೆ ಸಾಮಾನು ಕೈಗೆ ಬರುವಷ್ಟರಲ್ಲಿ ಹನ್ನೊಂದು. ಅತ್ತೆ, ಮಗು, ಪೆಟ್ಟಿಗೆಗಳಿರುವಾಗ ಬಸ್ ಬೇಡ ಎನ್ನುತ್ತೇನೆ. ಬಸ್ಸಿನಲ್ಲೇ ಹೋಗುವ ಹಟವಿದ್ದರೆ ಮಂಗಳೂರು ಊರೊಳಗಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ ತನಕ ಹೋಗಬೇಡಿ, ಕೊಟ್ಟಾರ ಚೌಕಿಗೆ ಬಂದು ಅಲ್ಲಿಂದ ಉಡುಪಿ, ಕುಂದಾಪುರದ ಎಕ್ಸ್‌ಪ್ರೆಸ್ ಹತ್ತಿ. ಬಸ್ಸುಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ, ಆದರೆ ಬಹಳ ಜೋರಾಗಿ ಓಡಿಸುತ್ತಾರೆ, ನಿಂತುಕೊಂಡು ಹೋಗಬೇಕಾಗಿ ಬಂದರೆ ಅತ್ತೆಯವರಿಗೆ ಕಷ್ಟ. ಟ್ಯಾಕ್ಸಿಯಲ್ಲಾದರೆ ಎರಡು ದಾರಿ. ಒಂದು ನಾನು ಹೇಳಿದ ಕಾವೂರು, ಕೂಳೂರು, ಹೆದ್ದಾರಿ. ಇನ್ನೊಂದು ಬಜಪೆ ಪೇಟೆಯಿಂದ ಕಟೀಲು, ಕಿನ್ನಿಗೋಳಿ ಮೇಲೆ ಹೋಗಿ ಮೂಲ್ಕಿಯಲ್ಲಿ ಹೆದ್ದಾರಿ ಸೇರುವುದು. ರಸ್ತೆ ಸಣ್ಣದು, ಅಂಕುಡೊಂಕು, ಆದರೆ ಕೂಳೂರು ಸೇತುವೆ ಮತ್ತು ಲಾರಿಗಳು ತಪ್ಪುತ್ತವೆ. ನಂದಿನಿ ನದಿಯ ನಡುವೆ ಇರುವ ಕಟೀಲು ದುರ್ಗಾಪರಮೇಶ್ವರಿ ದೇವಸ್ಥಾನವೂ ದಾರಿಯಲ್ಲೇ ಸಿಗುತ್ತದೆ. ಹೋಗುವಾಗ ಕಟೀಲಿನಲ್ಲಿ ಇಳಿಯಬೇಡಿ, ದೋಣಿಗೆ ತಡವಾಗುತ್ತದೆ. ಮರಳುವಾಗ ಇಳಿಯಿರಿ, ಅಲ್ಲಿಂದ ನಿಲ್ದಾಣ ಹತ್ತಿರ.

ಉಡುಪಿ ಸಮೀಪಿಸಿದಾಗ ಊರೊಳಗೆ ಹೋಗದೆ ಹೆದ್ದಾರಿಯ ಕರಾವಳಿ ಜಂಕ್ಷನ್‌ನಲ್ಲಿ ಎಡಕ್ಕೆ ತಿರುಗಿಸಲು ಹೇಳಿ, ಆದಿಉಡುಪಿ ಮೇಲೆ ಸೀದಾ ಮಲ್ಪೆ. ಒಂದೂವರೆ ಗಂಟೆಯ ದಾರಿ, ಊಟಕ್ಕೆ ನಿಂತರೂ ಮಧ್ಯಾಹ್ನ ಎರಡರೊಳಗೆ ದೋಣಿಯ ಟಿಕೆಟ್ ಕೌಂಟರ್ ಮುಂದೆ ಇರುತ್ತೀರಿ. ಸಾಮಾನು ಟ್ಯಾಕ್ಸಿಯಲ್ಲೇ ಇರಲಿ, ಅಥವಾ ಮಲ್ಪೆಯಲ್ಲೇ ಕೋಣೆ ಮಾಡಿ. ಟಿಕೆಟ್ ಕೊಡುವವರನ್ನು ಎರಡು ಮಾತು ಕೇಳಿ: ಈಗ ಎಷ್ಟು ಜನ ಆಗಿದ್ದಾರೆ, ದ್ವೀಪದಿಂದ ಕೊನೆಯ ದೋಣಿ ಎಷ್ಟು ಹೊತ್ತಿಗೆ. ದ್ವೀಪದಲ್ಲಿ ರಾತ್ರಿ ಉಳಿಯುವ ಹಾಗಿಲ್ಲ. ಅಲ್ಲಿ ನೀರಿಗಿಳಿಯಲು ಮಗು ಹಟ ಮಾಡಿದರೂ ಬಿಡಬೇಡಿ, ಬಂಡೆ ಹರಿತ, ಸೆಳೆತ ಇದೆ. ಈಜು ಮಲ್ಪೆಯ ಮರಳ ದಂಡೆಯಲ್ಲಾಗಲಿ.

"ಅಕ್ಕಪಕ್ಕದ ಇನ್ನೂ ಒಂದೆರಡು ದ್ವೀಪ" ಎಂದೂ ಕೇಳಿದ್ದೀರಿ. ಸೇಂಟ್ ಮೇರೀಸ್ ಎನ್ನುವುದೇ ನಾಲ್ಕು ದ್ವೀಪಗಳ ಸಾಲು, ಪ್ರವಾಸಿಗಳು ಇಳಿಯುವುದು ತೆಂಗಿನ ಮರಗಳಿರುವ ಒಂದರಲ್ಲಿ, ಅದೊಂದೇ ಸಾಕು. ನೇತ್ರಾಣಿ ಇರುವುದು ಮುರುಡೇಶ್ವರದ ಆಚೆ ನಡುಗಡಲಲ್ಲಿ, ಅಲ್ಲಿಗೆ ಹೋಗುವವರು ನೀರಿನೊಳಗೆ ಮುಳುಗಿ ಹವಳ, ಮೀನು ನೋಡುವವರು. ಒಂದೂವರೆ ದಿನದ ಪ್ರವಾಸಕ್ಕೆ ಅದನ್ನು ಸೇರಿಸಲೇಬೇಡಿ. ಹೊತ್ತು ಮಿಕ್ಕರೆ ಕೋಡಿಬೆಂಗ್ರೆಗೆ ಹೋಗಿ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಸಮುದ್ರ, ನಡುವೆ ಪಟ್ಟಿಯಂಥ ನೆಲ. ಸುವರ್ಣಾ, ಸೀತಾ ನದಿಗಳು ಕಡಲು ಸೇರುವುದನ್ನು ಕಾರಿನಿಂದ ಇಳಿದು ನಾಲ್ಕು ಹೆಜ್ಜೆಯಲ್ಲಿ ನೋಡಬಹುದು. ಮೊಣಕಾಲು ನೋವಿನವರಿಗೆ ಅದಕ್ಕಿಂತ ಒಳ್ಳೆಯ ಜಾಗ ಆ ಕಡೆ ನನಗೆ ಕಂಡಿಲ್ಲ.

2024ರ ಫೆಬ್ರವರಿಯಲ್ಲಿ ನಾವು ಮತ್ತೆ ಹೋದೆವು, ಈ ಸಲ ಇದೇ ಕ್ರಮದಲ್ಲಿ. ಎಲ್ಲವೂ ಸರಿಯಾಗಿ ನಡೆಯಿತು. ಒಂದೂವರೆಗೆ ಮಲ್ಪೆ, ಎರಡು ಗಂಟೆಯ ಹೊತ್ತಿಗೆ ದೋಣಿ. ಆದರೆ ಅವ್ವನ ಮೊಣಕಾಲು ಅಷ್ಟರಲ್ಲಿ ಪೂರ್ತಿ ಕೈಕೊಟ್ಟಿತ್ತು. ದೋಣಿಯ ಹುಡುಗರು "ಎತ್ತಿ ಕೂರಿಸ್ತೇವೆ ಅಮ್ಮಾ" ಎಂದರೂ ಅವಳು ಒಪ್ಪಲಿಲ್ಲ. ನನ್ನ ಹೆಂಡತಿ ಅವಳ ಜೊತೆ ದಂಡೆಯಲ್ಲೇ ಉಳಿದಳು, ನಾನು ಮಗಳನ್ನು ಕರೆದುಕೊಂಡು ಹೋಗಿಬಂದೆ. ಬಂದ ಕೂಡಲೇ ಅವ್ವ ಕೇಳಿದ್ದು ಒಂದೇ: "ನಾ ಕುಂತಿದ್ದ ಕಲ್ಲು ಸಿಕ್ತೇನು?" ಸಿಕ್ಕಿತ್ತು. ಮಗಳನ್ನು ಅದರ ಮೇಲೆ ಕೂರಿಸಿ ಫೋಟೊ ತೆಗೆದಿದ್ದೆ, ತೋರಿಸಿದೆ.

ನಿಮ್ಮ ಅತ್ತೆಯವರು ಇನ್ನೂ ಕೈಹಿಡಿದು ದೋಣಿ ಹತ್ತಬಲ್ಲರು ಎಂದು ಬರೆದಿದ್ದೀರಿ. ಹಾಗಿದ್ದರೆ ಸಣ್ಣ ದೋಣಿಗೆ ಇಳಿಯುವಾಗ ಅವರನ್ನು ಕೊನೆಗೆ ಇಳಿಸಿ, ಹಿಂದಿನವರು ತಳ್ಳುವುದಿಲ್ಲ. ಚಪ್ಪಲಿ ಕೈಯಲ್ಲಿರಲಿ, ಸೀರೆಯಾದರೆ ಸ್ವಲ್ಪ ಎತ್ತಿ ಕಟ್ಟಿಕೊಳ್ಳಲಿ, ಇಳಿಯುವಲ್ಲಿ ಪಾದ ನೆನೆಯುತ್ತದೆ. ಮಂಗಳೂರಿನ ಹೋಟೆಲಿಗೆ ಹಣ ಇನ್ನೂ ಕಟ್ಟಿಲ್ಲ ಎಂದಿದ್ದೀರಲ್ಲ, ಇವತ್ತೇ ಫೋನ್ ಮಾಡಿ ಆ ಕೋಣೆ ಬಿಟ್ಟುಬಿಡಿ.