ಮ್ಯಾಂಚೆಸ್ಟರ್ ಸಿಟಿ ಲಾಂಛನದಲ್ಲಿ ಹಡಗು ಯಾಕೆ?

ಸಮುದ್ರವೇ ಇಲ್ಲದ ಊರಿನ ಫುಟ್‌ಬಾಲ್ ಕ್ಲಬ್ಬಿಗೆ ಹಡಗು ಯಾಕೆ ಅಂತ ಕೇಳಿದ್ದೀರಿ. ಆ ಹಡಗು ಕ್ಲಬ್ಬಿನದ್ದಲ್ಲ, ಊರಿನದ್ದು. 1842ರಲ್ಲಿ ಮ್ಯಾಂಚೆಸ್ಟರ್‌ಗೆ ಸಿಕ್ಕ ಲಾಂಛನದಲ್ಲೇ ಹಾಯಿ ಬಿಚ್ಚಿದ ಹಡಗು ಇತ್ತು, ಹತ್ತಿ ಬಟ್ಟೆಯನ್ನು ದೇಶ ದೇಶಕ್ಕೆ ಮಾರಿ ಬೆಳೆದ ಊರಲ್ವಾ, ವ್ಯಾಪಾರದ ಗುರುತು ಅದು. ಊರಿಗೆ ಹಡಗು ಬರುವ ಕಾಲುವೆ ಶುರುವಾಗಿದ್ದೇ 1894ರಲ್ಲಿ, ಹಾಗಾಗಿ ಕಾಲುವೆ ನೆನಪಿಗೆ ಹಡಗು ಹಾಕಿದರು ಅನ್ನೋದು ಸುಮ್ನೆ ಮಾತು. ಕ್ಲಬ್ಬಿನ ಲಾಂಛನದಲ್ಲಿ ಹಡಗಿನ ಕೆಳಗಿನ ಮೂರು ಓರೆ ಪಟ್ಟಿಗಳು ಊರಿನ ಇರ್ವೆಲ್, ಇರ್ಕ್, ಮೆಡ್ಲಾಕ್ ನದಿಗಳು. ಕೆಂಪು ಗುಲಾಬಿ ಲ್ಯಾಂಕಾಶೈರ್ ಪ್ರಾಂತ್ಯದ್ದು. ನನಗಂತೂ ಹದ್ದಿದ್ದ ಕ್ಲಬ್ಬಿನ ಹಳೇ ಲಾಂಛನಕ್ಕಿಂತ 2016ರ ದುಂಡನೆಯದೇ ಇಷ್ಟ. ಅಂದಹಾಗೆ ಅದೇ ಊರಿನ ಇನ್ನೊಂದು ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ ಲಾಂಛನ ನೋಡಿ, ತ್ರಿಶೂಲ ಹಿಡಿದ ಕೆಂಪು ದೆವ್ವದ ಮೇಲೆ ಅಲ್ಲೂ ಹಡಗಿದೆ!