ರೆಡ್ ಅಲರ್ಟ್ ಘೋಷಿಸಿದರೂ ನಮ್ಮ ಕರಾವಳಿಯ ಜನ ಏಕೆ ಕದಲುವುದಿಲ್ಲ? ಮಾಧ್ಯಮ ಏನು ಮಾಡಬಹುದು?

ಎಚ್ಚರಿಕೆ ಕಿವಿಗೆ ಬಿದ್ದ ಕೂಡಲೇ ಮನೆ ಬಿಟ್ಟು ಹೊರಡುವವರು ಕಡಿಮೆ. ಹೆಚ್ಚಿನವರು ಇನ್ನೊಂದು ಕಡೆಯಿಂದ ಖಚಿತಪಡಿಸಿಕೊಂಡ ಮೇಲೆಯೇ ಹೊರಡುತ್ತಾರೆ. ನೆರೆಯವರನ್ನು ಕೇಳುತ್ತಾರೆ, ಟಿವಿ ಹಾಕುತ್ತಾರೆ, ವಾಟ್ಸ್ಆ್ಯಪ್ ನೋಡುತ್ತಾರೆ. ಹೀಗೆ ಕಳೆದುಹೋಗುವ ಸಮಯವನ್ನು ಉಳಿಸುವುದೇ ಮಾಧ್ಯಮದ ಮುಖ್ಯ ಕೆಲಸ. ಮಂಗಳೂರು ಆಕಾಶವಾಣಿ, ಪತ್ರಿಕೆ, ಪಂಚಾಯಿತಿಯ ಧ್ವನಿವರ್ಧಕ ಒಂದೇ ಮಾತು ಹೇಳಿದರೆ ಅನುಮಾನ ಬೇಗ ಕರಗುತ್ತದೆ. ಆ ಹೊತ್ತಿನಲ್ಲಿ ಯಾವುದೋ ಹಳೆಯ ಪ್ರವಾಹದ ವಿಡಿಯೊ ಹರಿಯಬಿಡುವವರು ನಿಜವಾದ ಎಚ್ಚರಿಕೆಯ ಮೇಲಿನ ನಂಬಿಕೆಯನ್ನೂ ಕೆಡಿಸುತ್ತಾರೆ.

ಹೇಳುವ ರೀತಿಯೂ ಮುಖ್ಯ. ರೆಡ್ ಅಲರ್ಟ್ ಎಂದರೆ ಸಾಮಾನ್ಯವಾಗಿ 24 ಗಂಟೆಗಳಲ್ಲಿ 204.4 ಮಿಲಿಮೀಟರ್‌ಗಿಂತ ಹೆಚ್ಚು ಮಳೆಯ ಸಂಭವ. ಆಟಿಯ (ತುಳುನಾಡಿನ ಮಳೆಗಾಲದ ತಿಂಗಳು) ಮಳೆಗೆ ಒಗ್ಗಿದ ಉಡುಪಿಯವರಿಗೆ ಈ ಅಂಕಿಯಿಂದ ಏನೂ ಹೊಳೆಯುವುದಿಲ್ಲ. ‘ರಾತ್ರಿ ಸ್ವರ್ಣಾ ನದಿ ಉಕ್ಕಬಹುದು, ತಗ್ಗಿನ ಮನೆಯವರು ಕತ್ತಲಾಗುವ ಮೊದಲೇ ಶಾಲೆಗೆ ಬನ್ನಿ, ದನಗಳ ಹಗ್ಗ ಬಿಚ್ಚಿ, ಸಹಾಯಕ್ಕೆ 1077’ ಎಂದರೆ ಜನ ಎದ್ದು ಹೊರಡುತ್ತಾರೆ.

ಮಲ್ಪೆಯ ಆಳಸಮುದ್ರ ದೋಣಿಗಳ ಪಾಡು ಬೇರೆ. ದಡದಿಂದ ದೂರ ಹೋದಂತೆ ಮೊಬೈಲ್ ಸಿಗ್ನಲ್ ಸಿಗದು. ದೋಣಿಯ ವಿಎಚ್ಎಫ್ ವೈರ್‌ಲೆಸ್‌ನ ತರಂಗ ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ದಿಗಂತದಾಚೆಗೆ ಮುಟ್ಟುವುದಿಲ್ಲ. 2017ರ ಓಖಿ ಚಂಡಮಾರುತದಲ್ಲಿ ಕೇರಳ, ತಮಿಳುನಾಡಿನ ಎಷ್ಟೋ ಮೀನುಗಾರರು ಎಚ್ಚರಿಕೆ ಬರುವಷ್ಟರಲ್ಲಿ ಕಡಲಿನಲ್ಲಿದ್ದರು. ಅಂಥವರಿಗೆ ಉಪಗ್ರಹದ ಮೂಲಕ ಸಂದೇಶ ಪಡೆಯುವ ಉಪಕರಣ ಬೇಕೇ ಬೇಕು. ಅದಿಲ್ಲದ ಕಡೆ, ಸುದ್ದಿ ಕೇಳಿದ ದೋಣಿ ಮುಂದಿನ ದೋಣಿಗೆ ದಾಟಿಸಬೇಕು.