ಕಿರುಚಿತ್ರ ಕೇಳಿ–ಹೇಳಿ: ಮೊಬೈಲು ಹಿಡಿದು ಕೂತ ಹುಡುಗ

ಈ ಸಲ ಗಡಿನಾಡು ಕಾಸರಗೋಡಿನ ಕಾಲೇಜುಗಳಿಂದ ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ವಿಷಯದವು: ಸಾಮಾಜಿಕ ಜಾಲತಾಣ ಮತ್ತು ಗಂಡುಹುಡುಗರ ಒಂಟಿತನ. ಆದ್ದರಿಂದ ಇಡೀ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇವೆ.

ನಮ್ಮ ಚಿತ್ರಕಥೆ 22 ಪುಟ ಆಗಿದೆ. ಹುಡುಗ ಮೊಬೈಲ್ ಗೀಳಿಗೆ ಬಿದ್ದು ಪರೀಕ್ಷೆಯಲ್ಲಿ ಫೇಲಾಗುತ್ತಾನೆ, ಇನ್‌ಸ್ಟಾಗ್ರಾಂನಲ್ಲಿ ಗೇಲಿಗೆ ಗುರಿಯಾಗುತ್ತಾನೆ, ಕೊನೆಗೆ ಆತ್ಮಹತ್ಯೆ. ಇದನ್ನು 8 ನಿಮಿಷಕ್ಕೆ ಇಳಿಸುವುದು ಹೇಗೆ?
— ಪದವಿ ವಿದ್ಯಾರ್ಥಿಗಳು, ಬದಿಯಡ್ಕ

ಇಳಿಸಲು ಹೋಗಬೇಡಿ, ಒಂದು ದಿನವನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡಿ. ಒಂದು ಪುಟಕ್ಕೆ ಒಂದು ನಿಮಿಷ ಎಂಬ ಲೆಕ್ಕ ಚಿತ್ರಕಥೆಗೆಂದೇ ಇರುವ ಮಾದರಿಯಲ್ಲಿ, ದೃಶ್ಯ, ಮಾತು ಬೇರೆಬೇರೆಯಾಗಿ ಜಾಗ ಬಿಟ್ಟು ಬರೆದಾಗ ಮಾತ್ರ ಹೊಂದುತ್ತದೆ. ಕನ್ನಡದಲ್ಲಿ ಕಥೆಯ ಹಾಗೆ ಒತ್ತೊತ್ತಾಗಿ ಬರೆದ 22 ಪುಟ ಚಿತ್ರವಾದಾಗ ಮುಕ್ಕಾಲು ಗಂಟೆ ದಾಟಿದರೂ ಆಶ್ಚರ್ಯವಿಲ್ಲ. ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಮಾತಿಲ್ಲದ ಕ್ರಿಯೆಗಳನ್ನು ಅಲ್ಲೇ ಮಾಡಿ ತೋರಿಸಲಿ, ಮೂರನೆಯವರು ಗಡಿಯಾರ ಹಿಡಿಯಲಿ. ನಿಜವಾದ ಉದ್ದ ಆಗ ಗೊತ್ತಾಗುತ್ತದೆ.

ನಿಮ್ಮ ಕಥೆಯಲ್ಲಿ ತಪ್ಪೆಲ್ಲ ಮೊಬೈಲಿನದ್ದೇ. ಹಾಗಿದ್ದರೆ ಅಪ್ಪ ಮೊಬೈಲು ಕಿತ್ತುಕೊಂಡ ದಿನವೇ ಕಥೆ ಮುಗಿಯಬೇಕಿತ್ತು. ನಾವು ನೋಡುವ ಒಂಟಿತನ ಮುಚ್ಚಿದ ಕೋಣೆಯಲ್ಲಿರುವುದಕ್ಕಿಂತ ಹೆಚ್ಚಾಗಿ ಗುಂಪಿನ ನಡುವೆ ಇರುತ್ತದೆ. ಬಸ್ ತಂಗುದಾಣದ ಕಟ್ಟೆಯಲ್ಲಿ ಐದು ಹುಡುಗರು ಸಂಜೆಯೆಲ್ಲ ಒಟ್ಟಿಗೇ ಕೂತಿರುತ್ತಾರೆ, ಕ್ರಿಕೆಟ್ಟು, ಬೈಕು, ವಾಲಿಬಾಲು ಎಲ್ಲದರ ಮಾತೂ ಆಗುತ್ತದೆ, ಒಬ್ಬನ ಮನೆಯಲ್ಲಿ ಏನು ನಡೆದಿದೆ ಎಂದು ಇನ್ನೊಬ್ಬನಿಗೆ ಗೊತ್ತಿರುವುದಿಲ್ಲ. ಕ್ಯಾಮರಾ ಹಿಡಿಯಬೇಕಾದ್ದು ಆ ಕಟ್ಟೆಯನ್ನು.

ನಿಮ್ಮೂರಿನಲ್ಲಿ ಭಾಷೆಯೇ ಒಂದು ದೊಡ್ಡ ಸಾಮಗ್ರಿ. ಅಮ್ಮ ಹವ್ಯಕದಲ್ಲಿ "ಊಟ ಆತೋ?" ಅನ್ನುತ್ತಾಳೆ, ಪಕ್ಕದ ಮನೆಯವರು ತುಳುವಿನಲ್ಲಿ "ವನಸ್ ಆಂಡಾ?" ಅನ್ನುತ್ತಾರೆ, ದೋಸ್ತಿಗಳು ಮಲಯಾಳದಲ್ಲಿ ಮಾತಾಡುತ್ತಾರೆ, ಕೊಲ್ಲಿಯಲ್ಲಿರುವ ಅಪ್ಪ ಶುಕ್ರವಾರ ವೀಡಿಯೊ ಕರೆ ಮಾಡುತ್ತಾನೆ. ಎಲ್ಲದಕ್ಕೂ ಹುಡುಗನ ಉತ್ತರ "ಹ್ಞಾಂ". ನಾಲ್ಕು ಭಾಷೆ ಬಲ್ಲವನಿಗೆ ತನ್ನ ಬೇಸರ ಹೇಳಲು ಒಂದರಲ್ಲೂ ಮಾತಿಲ್ಲ. ಇಷ್ಟನ್ನೇ ತೋರಿಸಿದರೆ 8 ನಿಮಿಷ ತುಂಬುತ್ತದೆ.

ಬರೆಯುವ ಮೊದಲು ಹತ್ತು ಹುಡುಗರನ್ನು ಮಾತಾಡಿಸಿ, ಆದರೆ "ನಿನಗೆ ಒಂಟಿತನ ಕಾಡುತ್ತದಾ?" ಎಂದು ಕೇಳಬೇಡಿ. ಹತ್ತರಲ್ಲಿ ಹತ್ತೂ "ಇಲ್ಲ" ಅನ್ನುತ್ತಾರೆ. ಒಂಟಿತನ ಅಳೆಯಲು ಸಂಶೋಧಕರು ಬಳಸುವ ಯುಸಿಎಲ್‌ಎ (ಅಮೆರಿಕದ ಒಂದು ವಿಶ್ವವಿದ್ಯಾಲಯ) ಮಾಪಕದ ಮೂರು ಪ್ರಶ್ನೆಗಳ ಕಿರುರೂಪ 2004ರಲ್ಲಿ ಬಂತು. ಅದರಲ್ಲಿ 'ಒಂಟಿತನ' ಎಂಬ ಪದವೇ ಇಲ್ಲ. ಜೊತೆಗಾರರಿಲ್ಲ ಅನ್ನಿಸುವುದು, ತನ್ನನ್ನು ಬಿಟ್ಟುಬಿಟ್ಟಿದ್ದಾರೆ ಅನ್ನಿಸುವುದು, ಉಳಿದವರಿಂದ ಬೇರೆಯಾದ ಹಾಗೆ ಅನ್ನಿಸುವುದು ಎಷ್ಟೆಷ್ಟು ಸಲ ಎಂದಷ್ಟೇ ಕೇಳುತ್ತದೆ. ನೀವು ಇನ್ನೂ ಸುಲಭ ಮಾಡಿ: "ಕೆಲಸವಿಲ್ಲದೆ ಸುಮ್ಮನೆ ಕೊನೆಗೆ ಫೋನ್ ಮಾಡಿದ್ದು ಯಾರಿಗೆ, ಯಾವಾಗ?" ಉತ್ತರಕ್ಕೆ ಮೊದಲು ಬರುವ ಮೌನವನ್ನು ಗಮನಿಸಿ. ನಟನಿಗೆ ಹೇಳಿಕೊಡಬೇಕಾದ್ದು ಅದನ್ನೇ.

ಇನ್ನು ಕೊನೆಯ ದೃಶ್ಯ. ಆತ್ಮಹತ್ಯೆಯ ವಿಧಾನ, ಹಗ್ಗ, ತೋಟದ ಔಷಧಿಯ ಬಾಟಲಿ, ಬರೆದಿಟ್ಟ ಚೀಟಿ, ಆಮೇಲೆ ಊರೆಲ್ಲ ಅಳುವುದು, ಇವು ಯಾವುವೂ ಬೇಡ. ನೋಡುವವರಲ್ಲಿ ಅದೇ ಸ್ಥಿತಿಯಲ್ಲಿರುವವನಿಗೆ ಇವು ದಾರಿ ತೋರಿಸಿದಂತಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಿನಿಮಾ ಮತ್ತು ರಂಗಭೂಮಿಯವರಿಗಾಗಿಯೇ ಇದರ ಬಗ್ಗೆ ಕೈಪಿಡಿ ತಂದಿದೆ, ಓದಿಕೊಳ್ಳಿ. ನಮ್ಮ ಮಾತು ಕೇಳುವುದಾದರೆ ಸಾವನ್ನೇ ತೆಗೆದುಹಾಕಿ. ಚಿತ್ರದ ಕೊನೆಗೆ ಟೆಲಿ–ಮಾನಸ್ 14416, ಕೇರಳದ ದಿಶಾ 1056 ಎಂಬ ಸಹಾಯವಾಣಿಗಳನ್ನು ಕನ್ನಡ, ಮಲಯಾಳ ಎರಡರಲ್ಲೂ ಬರೆದು ಕನಿಷ್ಠ 6 ಸೆಕೆಂಡು ನಿಲ್ಲಿಸಿ. ಹಾಕುವ ದಿನ ನೀವೇ ಒಮ್ಮೆ ಕರೆ ಮಾಡಿ ಪರೀಕ್ಷಿಸಿ.

ರಾತ್ರಿ ಕೋಣೆಯಲ್ಲಿ ಹುಡುಗ ಮೊಬೈಲ್ ನೋಡುವ ದೃಶ್ಯ. ಪರದೆಯ ಮೇಲೆ ಕಪ್ಪು ಪಟ್ಟಿಗಳು ಓಡುತ್ತವೆ. ಮುಖದ ಮೇಲೆ ಬೆಳಕು ಸಾಲದೆ ಚಿತ್ರವೆಲ್ಲ ಕಾಳುಕಾಳು. ನಮ್ಮ ಹತ್ತಿರ ಇರುವುದು ಮೊಬೈಲ್ ಕ್ಯಾಮರಾ ಮಾತ್ರ.
— ದ್ವಿತೀಯ ಬಿ.ಕಾಂ., ಕುಂಬಳೆ

ಇಲ್ಲಿ ಇರುವುದು ಎರಡು ತೊಂದರೆ, ಎರಡಕ್ಕೂ ಕಾರಣ ಬೇರೆ.

ಪಟ್ಟಿಗಳದ್ದು ಮೊದಲು. ಸಾಮಾನ್ಯ ಮೊಬೈಲ್ ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ, ಕೆಲವು 90 ಅಥವಾ 120 ಸಲ. ಅಮೋಲೆಡ್ (ಪ್ರತಿ ಚುಕ್ಕಿಯೂ ತಾನೇ ಬೆಳಗುವ) ಪರದೆಗಳಲ್ಲಿ ಹೊಳಪು ಇಳಿಸಿದಾಗ ಬೆಳಕು ನಿಜವಾಗಿ ಕಡಿಮೆಯಾಗುವ ಬದಲು ಬೇಗಬೇಗ ಹತ್ತಿ ಆರುತ್ತಿರುತ್ತದೆ. ಕಣ್ಣಿಗೆ ಕಾಣದು; ಸಾಲುಸಾಲಾಗಿ ಮೇಲಿಂದ ಕೆಳಗೆ ಓದುವ ಕ್ಯಾಮರಾಕ್ಕೆ ಕಾಣುತ್ತದೆ. ಕತ್ತಲೆ ಕೋಣೆಯಲ್ಲಿ ಮೊಬೈಲು ತನ್ನಷ್ಟಕ್ಕೆ ಹೊಳಪು ಇಳಿಸುವುದರಿಂದ ಪಟ್ಟಿ ಇನ್ನೂ ದಪ್ಪ. ಆದ್ದರಿಂದ ನಟನ ಮೊಬೈಲಿನಲ್ಲಿ ಸ್ವಯಂಚಾಲಿತ ಹೊಳಪು ಮತ್ತು ರಾತ್ರಿಯ ಹಳದಿ ಬೆಳಕು ಎರಡನ್ನೂ ಆರಿಸಿ, ಹೊಳಪನ್ನು ಪೂರ್ತಿ ಏರಿಸಿ, ಪರದೆಯ ವೇಗವನ್ನು 60ಕ್ಕೆ ನಿಲ್ಲಿಸಿ. ಕ್ಯಾಮರಾದ ಶಟರ್ (ಒಂದೊಂದು ಚಿತ್ರಕ್ಕೂ ಬೆಳಕು ಒಳಬಿಡುವ ಹೊತ್ತು) 1/60 ಸೆಕೆಂಡಿಗೆ ಇಡಿ. ಪರದೆ ಅತಿ ಬೆಳ್ಳಗಾದರೆ ಐಎಸ್‌ಒ (ಬೆಳಕಿಗೆ ಕ್ಯಾಮರಾದ ಸೂಕ್ಷ್ಮತೆ) ಇಳಿಸಿ, ಶಟರ್ ಮುಟ್ಟಬೇಡಿ.

ಇಲ್ಲಿ ಇನ್ನೊಂದು ಬಲೆ ಇದೆ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿಡಿಯುತ್ತದೆ, ಅದಕ್ಕೆ ಹೊಂದುವುದು 1/50 ಅಥವಾ 1/100. ಪರದೆಗೆ 1/60 ಇಟ್ಟರೆ ಗೋಡೆ ಮಿನುಗುತ್ತದೆ, ಬಲ್ಬಿಗೆ 1/50 ಇಟ್ಟರೆ ಪರದೆ ಮಿನುಗುತ್ತದೆ. ಪರದೆ ಕಾಣುವ ಶಾಟ್‌ಗಳಲ್ಲಿ ಮನೆಯ ಬಲ್ಬುಗಳನ್ನೆಲ್ಲ ಆರಿಸಿ, ಪವರ್ ಬ್ಯಾಂಕಿನಿಂದ ಉರಿಯುವ ದೀಪ ಮಾತ್ರ ಬಳಸಿ. ಬಲ್ಬು ಕಾಣುವ ಶಾಟ್‌ಗಳಲ್ಲಿ ಪರದೆ ಆಚೆ ತಿರುಗಿರಲಿ, ಶಟರ್ 1/50. ಚಿತ್ರದ ವೇಗ ಎರಡಕ್ಕೂ ಸೆಕೆಂಡಿಗೆ 25 ಚೌಕಟ್ಟು (ಫ್ರೇಮ್). ಮೊಬೈಲಿನ ಮೂಲ ಕ್ಯಾಮರಾ ಶಟರ್ ಮುಟ್ಟಲು ಬಿಡದಿದ್ದರೆ 'ಪ್ರೊ ವೀಡಿಯೊ' ಎಂಬ ಆಯ್ಕೆ ಹುಡುಕಿ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮರಾ ಆ್ಯಪ್ ಉಚಿತ, ಐಫೋನಿಗೂ ಕೆಲವು ಆಂಡ್ರಾಯ್ಡ್ ಮಾದರಿಗಳಿಗೂ ಸಿಗುತ್ತದೆ. ಪರದೆಯಲ್ಲಿ ಕಾಮನಬಿಲ್ಲಿನಂಥ ಗೆರೆ ಕಂಡರೆ ಅದು ಬೇರೆ ಕಾಯಿಲೆ: ಕ್ಯಾಮರಾವನ್ನು ಒಂದಿಷ್ಟು ಓರೆ ಮಾಡಿ ಅಥವಾ ಒಂದು ಗೇಣು ಹಿಂದೆ ಸರಿಸಿ.

ಮುಖದ ಬೆಳಕು. ಮೊಬೈಲ್ ಪರದೆಯೊಂದೇ ಮುಖ ಬೆಳಗಲು ಸಾಲದು; ಕ್ಯಾಮರಾ ಐಎಸ್‌ಒ ಏರಿಸಿ ಕಾಳು ತರುತ್ತದೆ. ಅಂಗೈಯಗಲದ ಎಲ್‌ಇಡಿ ಪ್ಯಾನಲ್ ಒಂದಕ್ಕೆ ಬಟರ್ ಪೇಪರ್ ಒಂದು ಪದರ ಸುತ್ತಿ, ಮೊಬೈಲಿನ ಬುಡದಲ್ಲಿ, ಚೌಕಟ್ಟಿನಿಂದ ಹೊರಗೆ, ಮುಖದಿಂದ ಸುಮಾರು 40 ಸೆಂ.ಮೀ. ದೂರದಲ್ಲಿ ಇಡಿ. ದೂರ ಅರ್ಧ ಮಾಡಿದರೆ ಬೆಳಕು ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ, ಆದ್ದರಿಂದ ಐದು ಸೆಂ.ಮೀ. ಜರುಗಿಸಿದರೂ ವ್ಯತ್ಯಾಸ ಕಾಣುತ್ತದೆ. ಪ್ಯಾನಲಿನ ಬಣ್ಣ 5600 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ; ಏರಿದಷ್ಟೂ ನೀಲಿ, ಇಳಿದಷ್ಟೂ ಹಳದಿ). ಬಾಗಿಲ ಸಂದಿಯಿಂದ ಪಡಸಾಲೆಯ ಹಳದಿ ಬೆಳಕಿನ ಗೆರೆ ಬೇಕಾದರೆ 3000 ಕೆಲ್ವಿನ್‌ನ ಇನ್ನೊಂದು ಬ್ಯಾಟರಿ ದೀಪವನ್ನು ಬಾಗಿಲಾಚೆ ಇಡಿ. ವೈಟ್ ಬ್ಯಾಲೆನ್ಸನ್ನು (ಕ್ಯಾಮರಾ ಬಿಳಿ ಎಂದು ಎಣಿಸುವ ಬೆಳಕು) 4500ರಲ್ಲಿ ಬೀಗ ಹಾಕಿದರೆ ಮುಖ ತುಸು ತಂಪಾಗಿಯೂ ಬಾಗಿಲು ಬೆಚ್ಚಗೂ ಬರುತ್ತದೆ. ರೀಲ್ಸ್ ಬದಲಾದಂತೆ ಬೆಳಕೂ ಬದಲಾಗಬೇಕಲ್ಲ? ಪ್ಯಾನಲಿನ ಮುಂದೆ ಒಬ್ಬರು ರಟ್ಟಿನ ತುಂಡನ್ನು ಮೆಲ್ಲನೆ ಆಡಿಸಲಿ, 3ರಿಂದ 8 ಸೆಕೆಂಡಿಗೊಮ್ಮೆ, ತಾಳ ತಪ್ಪಿಸಿ. ಸಮತಾಳದಲ್ಲಿ ಆಡಿಸಿದರೆ ಮದುವೆಮನೆಯ ಸೀರಿಯಲ್ ಲೈಟಿನ ಹಾಗಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು: ಕತ್ತಲೆಯಲ್ಲಿ ನೀಲಿ ಮುಖದ ಹುಡುಗ ಎಲ್ಲ ಸ್ಪರ್ಧೆಗಳಲ್ಲೂ ಕಾಣಸಿಗುತ್ತಾನೆ. ಅಂಥ ಶಾಟ್ ಒಂದೇ ಒಂದು ಇರಲಿ. ಉಳಿದದ್ದನ್ನು ಹಗಲಲ್ಲಿ, ಅಡಿಕೆ ಒಣಗಿಸಿದ ಅಂಗಳದಲ್ಲಿ ತೆಗೆಯಿರಿ. ಹೆಬ್ಬೆರಳಿನ ಉಜ್ಜಾಟವನ್ನು 90 ಸೆಕೆಂಡು ಕತ್ತರಿಸದೆ ತೋರಿಸುವ ಧೈರ್ಯವಿದ್ದರೆ ಇನ್ನೂ ಒಳ್ಳೆಯದು. ಕೊನೆಯಿಲ್ಲದ ಸ್ಕ್ರೋಲನ್ನು 2006ರಲ್ಲಿ ರೂಪಿಸಿದವರು ಅಮೆರಿಕದ ವಿನ್ಯಾಸಕಾರ ಅಜಾ ರಾಸ್ಕಿನ್. ಪುಟ ಮುಗಿದರೆ ತಾನೆ ಕೈ ನಿಲ್ಲುವುದು; ನಿಮ್ಮ ಶಾಟ್ ಕೂಡ ನಿಲ್ಲದಿದ್ದರೆ ನೋಡುವವನಿಗೆ ಅದರ ದಣಿವು ತಾಗುತ್ತದೆ.

ಪರದೆಯಲ್ಲಿ ನಿಜವಾದ ರೀಲ್ಸ್, ನಿಜವಾದ ಚಾಟ್ ತೋರಿಸಬಹುದೇ?
— ಮಂಜೇಶ್ವರ

ಬೇಡ. ಬೇರೆಯವರ ಮುಖ, ಹೆಸರು, ಹಾಡು ಮೂರೂ ತಕರಾರಿಗೆ ದಾರಿ. "ಗಂಡಸು ಅಳಬಾರದು, ಹೆಣ್ಣನ್ನು ನಂಬಬಾರದು" ಎನ್ನುವ ಧಾಟಿಯ ರೀಲ್ಸ್ ತೋರಿಸಬೇಕಿದ್ದರಂತೂ ಮೂಲದ್ದನ್ನು ಹಾಕಿದರೆ ನೀವೇ ಅವರ ಪ್ರಚಾರ ಮಾಡಿದಂತೆ. ನಾಲ್ಕು ಸಾಲು ನೀವೇ ಬರೆದು, ಗೆಳೆಯನ ಧ್ವನಿಯಲ್ಲಿ ಮುದ್ರಿಸಿ. ಮುಖ ಬೇಕಾಗಿಲ್ಲ, ಗೋಡೆಯಾಚೆಯಿಂದ ಕೇಳಿದರೂ ಸಾಕು.

ಚಾಟ್‌ಗೆ ಸುಲಭ ಉಪಾಯ: 1080 ಪಿಕ್ಸೆಲ್ ಅಗಲ, 8000 ಪಿಕ್ಸೆಲ್ ಉದ್ದದ ಒಂದೇ ಚಿತ್ರದಲ್ಲಿ ಸಂದೇಶಗಳನ್ನೆಲ್ಲ ಬರೆದು ಗ್ಯಾಲರಿಯಲ್ಲಿ ತೆರೆಯಿರಿ. ಅಗಲಕ್ಕೆ ಹೊಂದಿಸಿ ಹಿಗ್ಗಿಸಿದರೆ ನಟನ ಬೆರಳು ನಿಜವಾಗಿಯೇ ಸ್ಕ್ರೋಲ್ ಮಾಡಬಹುದು. ಮೊಬೈಲು ಏರೋಪ್ಲೇನ್ ಮೋಡ್‌ನಲ್ಲಿರಲಿ, ಇಲ್ಲವಾದರೆ ನಟನ ಚಿಕ್ಕಮ್ಮನ ಶುಭೋದಯ ಸಂದೇಶ ನಡುವೆ ಬಂದು ಕೂರುತ್ತದೆ. ಪ್ರತಿ ಶಾಟಿಗೂ ಮೊದಲು ಗಾಜನ್ನು ಒರೆಸಿ. ಬೆರಳಿನ ಎಣ್ಣೆ ಬರಿಗಣ್ಣಿಗಿಂತ ಕ್ಯಾಮರಾಕ್ಕೆ ಚೆನ್ನಾಗಿ ಕಾಣುತ್ತದೆ.

ಎಡಿಟಿಂಗ್‌ನಲ್ಲಿ ಕನ್ನಡ ಅಕ್ಷರ ಒಡೆದುಹೋಗುತ್ತದೆ. ಒತ್ತಕ್ಷರ ಕೆಳಗೆ ಬರುವ ಬದಲು ಪಕ್ಕದಲ್ಲಿ ನಿಲ್ಲುತ್ತದೆ.
— ಪತ್ರಿಕೋದ್ಯಮ ವಿದ್ಯಾರ್ಥಿನಿ, ಕಾಸರಗೋಡು

ಮೊದಲು ನೋಡಬೇಕಾದ್ದು ನೀವು ಬೆರಳಚ್ಚಿಸಿದ್ದು ಯೂನಿಕೋಡ್‌ನಲ್ಲೋ (ಎಲ್ಲ ಭಾಷೆಗಳಿಗೂ ಇರುವ ಒಂದೇ ಅಕ್ಷರ ಸಂಕೇತ ಪದ್ಧತಿ) ಅಲ್ಲವೋ ಎಂದು. 'ನುಡಿ', 'ಬರಹ' ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಆಸ್ಕಿ ಫಾಂಟಿನ ಪಠ್ಯ ಬೇರೆ ಫಾಂಟಿಗೆ ಹೋದರೆ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಯೂನಿಕೋಡಿನಲ್ಲಿದ್ದೂ ಒಡೆಯುತ್ತಿದ್ದರೆ ಸಾಫ್ಟ್‌ವೇರಿನ ಅಕ್ಷರ ಜೋಡಣೆಯ ದೋಷ. ಪ್ರೀಮಿಯರ್ ಪ್ರೊದಲ್ಲಿ ಪ್ರಿಫರೆನ್ಸಸ್ ಒಳಗಿನ ಗ್ರಾಫಿಕ್ಸ್ ವಿಭಾಗಕ್ಕೆ ಹೋಗಿ 'ಸೌತ್ ಏಷ್ಯನ್ ಆ್ಯಂಡ್ ಮಿಡ್ಲ್ ಈಸ್ಟರ್ನ್' ಆಯ್ಕೆ ಮಾಡಿ, ಹೊಸದಾಗಿ ಪಠ್ಯ ಹಾಕಿ. ಬೇರೆ ಸಾಫ್ಟ್‌ವೇರ್ ಹಟ ಹಿಡಿದರೆ ಇಂಕ್‌ಸ್ಕೇಪ್‌ನಲ್ಲಿ ನೋಟೊ ಸಾನ್ಸ್ ಕನ್ನಡ ಫಾಂಟಿನಲ್ಲಿ ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ತಂದು ಅಂಟಿಸಿ. 

ಅಕ್ಷರದ ಎತ್ತರ ಚೌಕಟ್ಟಿನ ಎತ್ತರದ ಇಪ್ಪತ್ತನೇ ಒಂದು ಭಾಗಕ್ಕಿಂತ ಕಡಿಮೆ ಬೇಡ. 1080 ಪಿಕ್ಸೆಲ್ ಚಿತ್ರದಲ್ಲಿ 54 ಪಿಕ್ಸೆಲ್. ಎಷ್ಟು ಹೊತ್ತು ನಿಲ್ಲಿಸಬೇಕು? ಸಾಲನ್ನು ಮಾಮೂಲಿ ವೇಗದಲ್ಲಿ ಎರಡು ಸಲ ಗಟ್ಟಿಯಾಗಿ ಓದಿ, ಅಷ್ಟು ಹೊತ್ತು. ಹುಡುಗರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತುವುದು ನಿಜ, ಪರದೆಯಲ್ಲಿ ಹಾಗೆಯೇ ಇರಲಿ. ಅಡಿಬರಹ ಕನ್ನಡ ಲಿಪಿಯಲ್ಲಿ ಕೊಡಿ. ಕೇರಳ ರಾಜ್ಯ ಚಲಚ್ಚಿತ್ರ ಅಕಾಡೆಮಿ ತಿರುವನಂತಪುರದಲ್ಲಿ ನಡೆಸುವ ಸಾಕ್ಷ್ಯಚಿತ್ರ–ಕಿರುಚಿತ್ರ ಉತ್ಸವಕ್ಕೆ ಕಳಿಸುವ ಆಸೆಯಿದ್ದರೆ ಇಂಗ್ಲಿಷ್ ಅಡಿಬರಹವನ್ನೂ ಈಗಲೇ ತಯಾರು ಮಾಡಿ.

ಮಾತಿಗೂ ತುಟಿಗೂ ತಾಳೆಯಾಗುವುದಿಲ್ಲ. ಶುರುವಿನಲ್ಲಿ ಸರಿ ಇರುತ್ತದೆ, ಹೋಗ್ತಾ ಹೋಗ್ತಾ ಜಾರುತ್ತದೆ. ಜೊತೆಗೆ ಮಳೆ.
— ಮುಳ್ಳೇರಿಯ

ಜಾರುವುದು ಮೊಬೈಲಿನ ಗುಣ. ಅದು 25 ಚೌಕಟ್ಟು ಎಂದು ಹೇಳಿ, ಬಿಸಿಯಾದಾಗ ಅಥವಾ ಕತ್ತಲಾದಾಗ 24, 23 ಎಂದು ಏರಿಳಿಯುತ್ತದೆ. ಎಡಿಟಿಂಗ್‌ಗೆ ಹಾಕುವ ಮೊದಲೇ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಫ್ರೇಮ್‌ರೇಟ್ 25, 'ಕಾನ್‌ಸ್ಟಂಟ್' ಎಂದು ಕೊಟ್ಟು, ಗುಣಮಟ್ಟ ಆರ್‌ಎಫ್ 16ರಿಂದ 18ರ ನಡುವೆ ಇಟ್ಟು ಪರಿವರ್ತಿಸಿ. ಅರ್ಧ ಎಡಿಟ್ ಆದ ಮೇಲೆ ನೆನಪಾದರೆ ಮತ್ತೆ ಮೊದಲಿನಿಂದ ಕೆಲಸ.

ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ, ಗಟ್ಟಿ ಮಾತು ಮುದ್ರಣದ ಮೀಟರಿನಲ್ಲಿ –12 ಡೆಸಿಬೆಲ್ ದಾಟದಂತೆ ನೋಡಿ, 48 ಕಿಲೊಹರ್ಟ್ಸ್‌ನಲ್ಲಿ ಮುದ್ರಿಸಿ. ಪ್ರತಿ ಕೋಣೆಯಲ್ಲೂ ಯಾರೂ ಮಾತಾಡದೆ 60 ಸೆಕೆಂಡಿನ ಬರೀ ಕೋಣೆಯ ಸದ್ದು ತೆಗೆದಿಡಿ. ಫ್ಯಾನು, ಫ್ರಿಜ್ಜು ಆರಿಸಿ. ಫ್ರಿಜ್ಜನ್ನು ಮತ್ತೆ ಹಾಕಲು ಮರೆಯದಂತೆ ಬೈಕಿನ ಕೀಲಿಯನ್ನು ಅದರೊಳಗೇ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಮಾಡಿನ ಕೆಳಗೆ ಮಾತು ಮುದ್ರಿಸುವ ಹಟ ಬೇಡ. ಒಂದು ಶಾಟಿನಲ್ಲಿ ಮಳೆ, ಮುಂದಿನದರಲ್ಲಿ ಇಲ್ಲ ಎಂದಾದರೆ ಶಾಟ್ ಕತ್ತರಿಸಿದ ಪ್ರತಿ ಜಾಗವೂ ಕಿವಿಗೆ ಗೊತ್ತಾಗುತ್ತದೆ. ಕಥೆಯಲ್ಲೇ ಮಳೆಯಿದೆ ಎಂದುಕೊಳ್ಳಿ, ಮಳೆಯ ಸದ್ದನ್ನು ಬೇರೆಯಾಗಿ 3 ನಿಮಿಷ ಮುದ್ರಿಸಿ ಇಡೀ ದೃಶ್ಯದ ಕೆಳಗೆ ಹಾಸಿ, ಮಾತನ್ನು ಕಂಬಳಿ ತೂಗಿಸಿದ ಕೋಣೆಯಲ್ಲಿ ಡಬ್ ಮಾಡಿ.

ಸಂದೇಶ ಬಂದ ಸದ್ದಿಗೆ ನಿಜವಾದ ಆ್ಯಪಿನ ಧ್ವನಿ ಹಾಕಬೇಡಿ. ಸಭಿಕರೆಲ್ಲ ತಮ್ಮ ತಮ್ಮ ಕಿಸೆ ಮುಟ್ಟಿ ನೋಡಿಕೊಳ್ಳುತ್ತಾರೆ. ಸ್ಟೀಲು ಲೋಟಕ್ಕೆ ಚಮಚ ತಾಗಿಸಿ ನಿಮ್ಮದೇ ಒಂದು 'ಟಿಂಗ್' ಮಾಡಿಕೊಳ್ಳಿ. ಕಂಪನಕ್ಕೆ ಮೊಬೈಲನ್ನು ಹಲಸಿನ ಮರದ ಮಣೆಯ ಮೇಲಿಟ್ಟು ಮುದ್ರಿಸಿ, ಚೆನ್ನಾಗಿ ಬರುತ್ತದೆ.

ನಮ್ಮ ನಾಯಕನಿಗೆ ಅಳಲು ಬರುವುದಿಲ್ಲ.
— ಉಪ್ಪಳ

ಒಳ್ಳೆಯದೇ ಆಯಿತು. ಅಳುವ ದೃಶ್ಯ ತೆಗೆದು, ಕೈಗೆ ಕೆಲಸ ಕೊಡಿ: ಅಡಿಕೆ ಸುಲಿಯಲಿ, ಚಾರ್ಜರಿನ ಸಿಕ್ಕು ಬಿಡಿಸಲಿ, ಸಂದೇಶ ಬರೆದು ಅಳಿಸಿ ಮತ್ತೆ ಬರೆದು "ಏನಿಲ್ಲ" ಎಂದು ಕಳಿಸಲಿ. ಮೂರು ಸಲ ತೆಗೆಯಿರಿ. ಮೊದಲ ಸಲ ಅವನು ನಟಿಸುತ್ತಾನೆ, ಮೂರನೇ ಸಲಕ್ಕೆ ಬೇಸರ ಬಂದಿರುತ್ತದೆ. ಸಾಮಾನ್ಯವಾಗಿ ಅದೇ ಉಪಯೋಗಕ್ಕೆ ಬರುವುದು. ನಟನಿಗೆ 18 ತುಂಬಿಲ್ಲದಿದ್ದರೆ ಹೆತ್ತವರ ಒಪ್ಪಿಗೆ ಬರಹದಲ್ಲಿ ಇರಲಿ.

ಕೊನೆಯ ಶಾಟ್ ಬೇಕಲ ಕೋಟೆಯಲ್ಲಿ ತೆಗೆಯಬೇಕೆಂದಿದ್ದೇವೆ. ಅನುಮತಿ ಬೇಕೇ?
— ಕುಂಬಳೆ

ಬೇಕು. ಬೇಕಲ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಿತ ಸ್ಮಾರಕ, ಅದರ ತ್ರಿಶೂರ್ ವಲಯಕ್ಕೆ ಸೇರಿದ್ದು. ಟ್ರೈಪಾಡ್ ಹೊತ್ತು ಹೋಗುವ ಮೊದಲು ಅರ್ಜಿ ಹಾಕಬೇಕು. ಆದರೆ ಬುರುಜಿನ ಮೇಲೆ ಸಮುದ್ರ ನೋಡುತ್ತ ಕೂತ ಹುಡುಗ ಎಂದರೆ ಅದು ಪ್ರವಾಸದ ಜಾಹೀರಾತಿನಂತೆ ಕಾಣುತ್ತದೆ. ಮೊದಲ ಪ್ರಶ್ನೆಯಲ್ಲಿ ಹೇಳಿದ ಬಸ್ ಕಟ್ಟೆಗೇ ಮರಳಿ ಹೋಗಿ. ಸೂರ್ಯ ಮುಳುಗಿದ ಮೇಲೆ ಸಿಗುವುದು ಇಪ್ಪತ್ತು ನಿಮಿಷದ ಬೆಳಕು, ಆದ್ದರಿಂದ ಐದೂವರೆಗೇ ಕ್ಯಾಮರಾ ನಿಲ್ಲಿಸಿ, ಹುಡುಗರನ್ನು ಕೂರಿಸಿ, ಬಸ್ಸಿನ ಸಮಯವನ್ನು ಚಾಲಕರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.